ಗುಡುಗಿದ ರಾತ್ರಿ ಮಾತ್ರ ಮಲಗುವ ಕಂಪ್ಯೂಟರ್: ಹೈಬರ್ನೇಟ್ ಕೈಕೊಟ್ಟರೆ ಹುಡುಕುವ ಬಗೆ

ರಾತ್ರಿ ಹತ್ತೂವರೆಗೆ ಕೆಲಸ ನಿಲ್ಲಿಸಿ ಎದ್ದು ಹೋಗುತ್ತೇನೆ. 45 ನಿಮಿಷ ಯಾರೂ ಮುಟ್ಟದಿದ್ದರೆ ಕಂಪ್ಯೂಟರ್ ತಾನಾಗಿಯೇ ಹೈಬರ್ನೇಟ್ ಆಗಬೇಕು, ಅಂದರೆ ತೆರೆದ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರಬೇಕು. ಹಾಗೆ ಹೊಂದಿಸಿಟ್ಟವನೂ ನಾನೇ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಮಹಡಿ ಕೋಣೆಗೆ ಬಂದರೆ ಮಾನಿಟರ್ ಕಪ್ಪಗಿದೆ, ಪೆಟ್ಟಿಗೆಯೊಳಗೆ ಫ್ಯಾನ್ ಮಾತ್ರ ಗುಂಯ್ ಅನ್ನುತ್ತಿದೆ. ಮೌಸ್ ಅಲ್ಲಾಡಿಸಿದ ತಕ್ಷಣ ಪರದೆ ಬೆಳಗಿತು. ಅಂದರೆ ರಾತ್ರಿಯಿಡೀ ಎಚ್ಚರವಾಗೇ ಕೂತಿತ್ತು.

ಹದಿನೈದು ದಿನ ಇದೇ ಕಥೆ. ನಡುವೆ ಎರಡು ರಾತ್ರಿ ಮಾತ್ರ ಸರಿಯಾಗಿ ಮಲಗಿತ್ತು. ಆ ಎರಡೂ ರಾತ್ರಿ ನಮ್ಮಲ್ಲಿ ಜೋರು ಗುಡುಗು ಮಳೆ. ಆಗ ಅದು ನನ್ನ ತಲೆಗೆ ಹೋಗಲಿಲ್ಲ. ಗುಡುಗಿಗೂ ಹೈಬರ್ನೇಟಿಗೂ ಏನು ಸಂಬಂಧ, ಅಲ್ವಾ? ಸಂಬಂಧ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ವಾರ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಾಯಿಸಿದೆ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದೆ, ಪವರ್ ಪ್ಲಾನ್ ಅಳಿಸಿ ಮತ್ತೆ ಮಾಡಿದೆ, ಆಂಟಿವೈರಸ್ ಬೈದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ನಿಮಗೆ ಅಷ್ಟು ಹೊತ್ತು ಹಾಳಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತದೆ. ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಮುಖ್ಯ ಕಮಾಂಡಿನ ಹೆಸರು ಪವರ್‌ಸಿಎಫ್‌ಜಿ. ಪವರ್ ಪದಕ್ಕೆ ಅಂಟಿಸಿ ಸಿ, ಎಫ್, ಜಿ ಎಂಬ ಮೂರು ಅಕ್ಷರ, ನಡುವೆ ಜಾಗ ಇಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಟರ್ಮಿನಲ್ ಅಥವಾ ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆದರೆ ಅಲ್ಲಿ ಓಡುತ್ತದೆ.

ಡೆಸ್ಕ್‌ಟಾಪಿಗೆ ಹೈಬರ್ನೇಟ್ ಯಾಕೆ ಬೇಕು?

ಸ್ಲೀಪ್‌ನಲ್ಲಿ ತೆರೆದ ಕೆಲಸವೆಲ್ಲ ರ‍್ಯಾಮಿನಲ್ಲೇ ಇರುತ್ತದೆ. ರ‍್ಯಾಮಿಗೆ ಸ್ವಲ್ಪ ಕರೆಂಟ್ ಹೋಗುತ್ತಲೇ ಇರಬೇಕು. ಹೈಬರ್ನೇಟ್‌ನಲ್ಲಿ ಅದೇ ಕೆಲಸವನ್ನು ಸಿ ಡ್ರೈವಿನ ಹೈಬರ್‌ಫಿಲ್ ಎಂಬ ಬಚ್ಚಿಟ್ಟ ಫೈಲಿಗೆ ಬರೆದು ಯಂತ್ರ ಪೂರ್ತಿ ಆರಿಹೋಗುತ್ತದೆ. ಪ್ಲಗ್ ಕಿತ್ತರೂ ಚಿಂತೆ ಇಲ್ಲ. ತಾಂತ್ರಿಕ ಭಾಷೆಯಲ್ಲಿ ಸ್ಲೀಪ್ ಅಂದರೆ ಎಸ್3, ಹೈಬರ್ನೇಟ್ ಅಂದರೆ ಎಸ್4.

ಲ್ಯಾಪ್‌ಟಾಪ್ ಇದ್ದವರಿಗೆ ಬ್ಯಾಟರಿ ಇದೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲದ ರಾತ್ರಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳುವಂತಿಲ್ಲ. ಮರದ ಕೊಂಬೆಯೊಂದು ತಂತಿಗೆ ತಾಗಿದರೆ ಸಾಕು. ಡೆಸ್ಕ್‌ಟಾಪ್ ಸ್ಲೀಪ್‌ನಲ್ಲಿದ್ದಾಗ ಹೀಗಾದರೆ ತೆರೆದಿಟ್ಟ ಹತ್ತು ಪುಟವೂ ಹೋಯಿತು. ನಾನು ಪುಸ್ತಕದ ಪುಟ ಕಟ್ಟುವ ಕೆಲಸದವನು. ನಾಲ್ಕು ಕಿಟಕಿ, ಎರಡು ಕರಡು, ಒಂದು ಪಿಡಿಎಫ್ ತೆರೆದುಕೊಂಡೇ ಇರುತ್ತವೆ. ದಿನಾ ಮುಚ್ಚಿ ದಿನಾ ತೆರೆಯುವುದು ಬೇಜಾರು. ಇನ್ನು ಬಿಲ್ಲಿನ ಮಾತು. ಸುಮ್ನೆ ಕೂತ ಡೆಸ್ಕ್‌ಟಾಪ್ 50 ವ್ಯಾಟ್ ಎಳೆಯುತ್ತದೆ ಅಂದುಕೊಂಡರೆ, ರಾತ್ರಿಗೆ 8 ಗಂಟೆಯಂತೆ ತಿಂಗಳಿಗೆ 12 ಯೂನಿಟ್.

ಮೊದಲು ರೋಗ ಯಾವುದು ಅಂತ ಗುರುತಿಸಿ

"ಹೈಬರ್ನೇಟ್ ಆಗ್ತಿಲ್ಲ" ಎನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇವೆ. ಯಂತ್ರ ಮಲಗಲು ಪ್ರಯತ್ನವನ್ನೇ ಮಾಡದಿರಬಹುದು. ಮಲಗಿ, ಯಾರೋ ತಟ್ಟಿದಂತಾಗಿ ಮತ್ತೆ ಎದ್ದಿರಬಹುದು. ಅಥವಾ ಮಲಗುವ ದಾರಿಯಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿರಬಹುದು. ಬೆಳಿಗ್ಗೆ ಎದ್ದು ನೋಡಿದವನಿಗೆ ಮೂರೂ ಒಂದೇ ಥರ ಕಾಣುತ್ತವೆ. ಮದ್ದು ಮಾತ್ರ ಪೂರ್ತಿ ಬೇರೆ.

ಇದನ್ನು ಹೇಳುವುದು ಈವೆಂಟ್ ವ್ಯೂವರ್, ಯಂತ್ರದಲ್ಲಿ ನಡೆದದ್ದನ್ನೆಲ್ಲ ಸಂಖ್ಯೆ ಕೊಟ್ಟು ಬರೆದಿಡುವ ದಿನಚರಿ ಇದ್ದಂತೆ. ಸ್ಟಾರ್ಟ್‌ನಲ್ಲಿ ಆ ಹೆಸರು ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ಇದೆ. ಬಲಗಡೆ ಫಿಲ್ಟರ್ ಒತ್ತಿ, ಸಂಖ್ಯೆಯ ಜಾಗದಲ್ಲಿ 1, 27, 41, 42, 107 ಎಂದು ಹಾಕಿ. 1 ಮತ್ತು 27ರಲ್ಲಿ ಬೇರೆಯವರ ಸಾಲುಗಳೂ ಬೆರೆತು ಬರುತ್ತವೆ, ಪಕ್ಕದ ಸೋರ್ಸ್ ಕಾಲಮ್ ನೋಡಿಕೊಳ್ಳಿ.

42 ಅಂದರೆ ಯಂತ್ರ ಮಲಗಲು ಹೊರಟಿತು. ಅದನ್ನು ತೆರೆದು ಡಿಟೇಲ್ಸ್ ಟ್ಯಾಬಿಗೆ ಹೋದರೆ ಟಾರ್ಗೆಟ್ ಸ್ಟೇಟ್ ಎಂಬ ಸಾಲು ಸಿಗುತ್ತದೆ. ಅಲ್ಲಿ 4 ಇದ್ದರೆ ಹೊರಟದ್ದು ಸ್ಲೀಪಿಗೆ, 5 ಇದ್ದರೆ ಹೈಬರ್ನೇಟಿಗೆ. ಎಸ್3, ಎಸ್4ರ ಅಂಕಿಗೂ ಇದಕ್ಕೂ ಹೋಲಿಸಬೇಡಿ, ಇದು ಬೇರೆ ಎಣಿಕೆ. ಇದು ನನಗೆ ಗೊತ್ತಾಗಿದ್ದು ತಡವಾಗಿ. ಗೊತ್ತಾದ ಮೇಲೆ ಅರ್ಧ ಗೊಂದಲ ಕಳೆಯಿತು, ಯಾಕೆಂದರೆ ಮೊದಲ ಪುಟದಲ್ಲಿ ಎರಡಕ್ಕೂ ಸ್ಲೀಪ್ ಎಂದೇ ಬರೆದಿರುತ್ತದೆ. 107 ಮತ್ತು ಪವರ್ ಟ್ರಬಲ್‌ಶೂಟರ್ ಹೆಸರಿನ 1 ಅಂದರೆ ಎದ್ದಿತು. ಈ 1ನೇ ಸಂಖ್ಯೆಯ ಸಾಲಿನಲ್ಲಿ ಎಬ್ಬಿಸಿದ್ದು ಯಾರು ಎಂದೂ ಸಾಮಾನ್ಯವಾಗಿ ಇರುತ್ತದೆ. ಕರ್ನಲ್ ಬೂಟ್‌ನ 27ರಲ್ಲಿ ಬೂಟ್ ಟೈಪ್ 0x2 ಎಂದಿದ್ದರೆ ನಿಜವಾದ ಹೈಬರ್ನೇಟ್‌ನಿಂದ ಎದ್ದಿದೆ. 0x1 ಎಂದಿದ್ದರೆ ಫಾಸ್ಟ್ ಸ್ಟಾರ್ಟಪ್ (ಶಟ್‌ಡೌನ್ ಆದ ಯಂತ್ರ ಬೇಗ ಶುರುವಾಗಲು ವಿಂಡೋಸ್ ಬಳಸುವ ಒಳದಾರಿ), 0x0 ಆದರೆ ಪೂರ್ತಿ ಹೊಸದಾಗಿ ಶುರುವಾಗಿದೆ. ಇನ್ನು 41 ಅಂದರೆ ಹೇಳದೆ ಕೇಳದೆ ಆರಿಹೋಗಿತ್ತು. ನಮ್ಮ ಕಡೆಯ ಲಾಗ್‌ನಲ್ಲಿ 41ಕ್ಕೆ ಬರ ಇಲ್ಲ.

ರಾತ್ರಿಯ ಹೊತ್ತಿನಲ್ಲಿ 42 ಇಲ್ಲವೇ ಇಲ್ಲ ಅಂದರೆ ಪ್ರಯತ್ನವೇ ಆಗಿಲ್ಲ. 42 ಬಂದು ನಿಮಿಷದೊಳಗೆ 107 ಬಂದಿದ್ದರೆ ಯಾರೋ ಎಬ್ಬಿಸಿದ್ದಾರೆ. 42 ಆದಮೇಲೆ ಏನೂ ಇಲ್ಲದೆ, ಬೆಳಿಗ್ಗೆ ನೀವು ಪವರ್ ಬಟನ್ ಒತ್ತಿ ಹಿಡಿದ ಮೇಲೆ 41 ಬಂದಿದ್ದರೆ ಅರ್ಧದಲ್ಲಿ ಸಿಕ್ಕಿಕೊಂಡಿದೆ. ನನ್ನದು ಮೊದಲನೆಯದು. 42ರ ಸುಳಿವೇ ಇರಲಿಲ್ಲ. ಆ ಎರಡು ರಾತ್ರಿ ಬಿಟ್ಟು.

ಯಂತ್ರಕ್ಕೆ ಶಕ್ತಿ ಇದೆಯಾ?

ಇದು ಒಂದು ನಿಮಿಷದ ಕೆಲಸ. ಪವರ್‌ಸಿಎಫ್‌ಜಿ /ಎ ಎಂದು ಹೊಡೆಯಿರಿ. ಈ ಯಂತ್ರದಲ್ಲಿ ಯಾವ ನಿದ್ದೆ ಸಾಧ್ಯ, ಯಾವುದು ಸಾಧ್ಯವಿಲ್ಲ, ಯಾಕೆ ಎಂದು ಪಟ್ಟಿ ಬರುತ್ತದೆ. ಮೇಲಿನ ಭಾಗದಲ್ಲಿ ಹೈಬರ್ನೇಟ್ ಇದ್ದರೆ ಮುಂದಕ್ಕೆ ಹೋಗಿ.

ಕೆಳಗಿನ ಭಾಗದಲ್ಲಿದ್ದರೆ ಕಾರಣ ಅಲ್ಲೇ ಇರುತ್ತದೆ. ಹೈಬರ್ನೇಷನ್ ಎನೇಬಲ್ ಆಗಿಲ್ಲ ಎಂದಿದ್ದರೆ ಪವರ್‌ಸಿಎಫ್‌ಜಿ /ಹೈಬರ್ನೇಟ್ ಆನ್. ಡಿಸ್ಕ್‌ನಲ್ಲಿ ಜಾಗ ಉಳಿಸಲು ಹೋಗಿ ಯಾರೋ ಆಫ್ ಮಾಡಿರುತ್ತಾರೆ. ಫೈಲ್ ಟೈಪ್ ಹೈಬರ್ನೇಷನ್ನಿಗೆ ಹೊಂದುವುದಿಲ್ಲ ಎಂದಿದ್ದರೆ ಆ ಫೈಲನ್ನು ಚಿಕ್ಕದಾಗಿಸಿದ್ದಾರೆ. ಚಿಕ್ಕ ಫೈಲ್ ರ‍್ಯಾಮಿನ 20% ಅಷ್ಟೇ, ಫಾಸ್ಟ್ ಸ್ಟಾರ್ಟಪ್‌ಗೆ ಸಾಕು, ಹೈಬರ್ನೇಟಿಗೆ ಸಾಲದು. ಪವರ್‌ಸಿಎಫ್‌ಜಿ /ಎಚ್ /ಟೈಪ್ ಫುಲ್ ಎಂದರೆ 40% ಆಗುತ್ತದೆ. 16 ಜಿಬಿ ರ‍್ಯಾಮ್ ಇದ್ದರೆ ಸುಮಾರು ಆರೂವರೆ ಜಿಬಿ, ಅಷ್ಟು ಜಾಗ ಸಿ ಡ್ರೈವಿನಲ್ಲಿ ಇರಬೇಕು. ವಿಜಿಎ ಸೇವ್ ಅಥವಾ ಲೆಗಸಿ ಗ್ರಾಫಿಕ್ಸ್ ಎಂಬ ಮಾತು ಕಂಡರೆ ಗ್ರಾಫಿಕ್ಸ್ ಕಾರ್ಡಿನ ನಿಜವಾದ ಡ್ರೈವರ್ ಕೂತಿಲ್ಲ, ವಿಂಡೋಸ್ ತನ್ನ ಸಾಮಾನ್ಯ ಡ್ರೈವರಿನಲ್ಲಿ ಕಾಲ ತಳ್ಳುತ್ತಿದೆ. ಆ ಸ್ಥಿತಿಯಲ್ಲಿ ನಿದ್ದೆ ಸಾಧ್ಯವೇ ಇಲ್ಲ.

ಶಕ್ತಿ ಇದೆ ಎಂದು ಖಾತ್ರಿ ಮಾಡಿಕೊಳ್ಳಲು ಎಲ್ಲ ಫೈಲ್ ಉಳಿಸಿ, ಶಟ್‌ಡೌನ್ /ಎಚ್ ಎಂದು ಕೈಯಾರೆ ಹೊಡೆದು ನೋಡಿ. ಆರಿಹೋಗಿ, ಬಟನ್ ಒತ್ತಿದಾಗ ಅದೇ ಕಿಟಕಿಗಳು ತೆರೆದುಕೊಂಡರೆ ಯಂತ್ರ ಚೆನ್ನಾಗಿದೆ. ತೊಂದರೆ ಇರುವುದು ವೇಳೆಯಲ್ಲಿ.

ಗಡಿಯಾರದ ಕಡೆ

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ನಿಮ್ಮ ಪ್ಲಾನಿನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್. ಅಲ್ಲಿ ಸ್ಲೀಪ್ ಎಂಬ ತಲೆಬರಹದ ಕೆಳಗೆ ಸ್ಲೀಪ್ ಆಫ್ಟರ್, ಅಲೋ ಹೈಬ್ರಿಡ್ ಸ್ಲೀಪ್, ಹೈಬರ್ನೇಟ್ ಆಫ್ಟರ್, ಅಲೋ ವೇಕ್ ಟೈಮರ್ಸ್ ಎಂಬ ನಾಲ್ಕು ಸಾಲು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೊದಲು 20 ನಿಮಿಷಕ್ಕೆ ಸ್ಲೀಪ್, ಆಮೇಲೆ 2 ಗಂಟೆಗೆ ಹೈಬರ್ನೇಟ್ ಅಂತ ಇಟ್ಟಿದ್ದೀರಿ ಅಂದುಕೊಳ್ಳಿ. ಸ್ಲೀಪ್‌ನಲ್ಲಿರುವ ಯಂತ್ರ ತಾನಾಗಿಯೇ ಹೈಬರ್ನೇಟಿಗೆ ಜಾರಲಾರದು. ಒಮ್ಮೆ ಏಳಬೇಕು, ರ‍್ಯಾಮಿನಲ್ಲಿದ್ದದ್ದನ್ನು ಡಿಸ್ಕಿಗೆ ಬರೆಯಬೇಕು, ಆಮೇಲೆ ಆರಬೇಕು. ಏಳಿಸುವ ಅಲಾರಂ ಮದರ್‌ಬೋರ್ಡಿನ ಪುಟ್ಟ ಗಡಿಯಾರದ್ದು. ಬಯೋಸ್ (ಮದರ್‌ಬೋರ್ಡಿನೊಳಗೇ ಇರುವ ಮೂಲ ಪ್ರೋಗ್ರಾಂ) ಆ ಅಲಾರಂ ಅನ್ನು ಸರಿಯಾಗಿ ನಡೆಸದಿದ್ದರೆ ಯಂತ್ರ ಬೆಳಗಿನವರೆಗೂ ಸ್ಲೀಪ್‌ನಲ್ಲೇ ಉಳಿಯುತ್ತದೆ. ಪ್ಲಗ್ ತೆಗೆದಿಟ್ಟ ದಿನವೆಲ್ಲ ತಾರೀಕು ಹಿಂದಕ್ಕೆ ಹೋಗುತ್ತಿದ್ದರೆ ನಾಣ್ಯದಂಥ ಸಿಆರ್2032 ಸೆಲ್ಲನ್ನೂ ಬದಲಾಯಿಸಿಬಿಡಿ.

ಹೈಬ್ರಿಡ್ ಸ್ಲೀಪ್ ಇನ್ನೊಂದು ಗೊಂದಲ. ಡೆಸ್ಕ್‌ಟಾಪುಗಳಲ್ಲಿ ಅದು ಹೆಚ್ಚಾಗಿ ಆನ್ ಇರುತ್ತದೆ. ಸ್ಲೀಪಿಗೆ ಹೋಗುವಾಗಲೇ ಡಿಸ್ಕಿಗೂ ಒಂದು ನಕಲು ಬರೆದು, ರ‍್ಯಾಮಿಗೂ ಕರೆಂಟ್ ಬಿಟ್ಟುಕೊಂಡಿರುತ್ತದೆ. ಕರೆಂಟ್ ಹೋದರೂ ಕೆಲಸ ಉಳಿಯುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಹೈಬರ್ನೇಟ್ ಆಯಿತಾ ಇಲ್ಲವಾ ಅಂತ ಪರೀಕ್ಷೆ ಮಾಡುವಾಗ ಇದು ದಾರಿ ತಪ್ಪಿಸುತ್ತದೆ. ಹುಡುಕುವಷ್ಟು ದಿನ ಆಫ್ ಮಾಡಿಡಿ.

ನನ್ನ ಕೇಳಿದರೆ, ನಮ್ಮಂಥ ಊರಿನ ಡೆಸ್ಕ್‌ಟಾಪಿಗೆ ಸ್ಲೀಪ್ ಬೇಡವೇ ಬೇಡ. ಸ್ಲೀಪ್ ಆಫ್ಟರ್ ನೆವರ್, ಹೈಬರ್ನೇಟ್ ಆಫ್ಟರ್ 45. ಎಚ್ಚರದಿಂದ ನೇರ ಹೈಬರ್ನೇಟ್, ನಡುವೆ ಅಲಾರಂ ರಗಳೆ ಇಲ್ಲ. ಆ ಸಾಲುಗಳು ನಿಮ್ಮ ಪ್ಲಾನಿನಲ್ಲಿ ಕಾಣದಿದ್ದರೆ ಪವರ್‌ಸಿಎಫ್‌ಜಿ /ಚೇಂಜ್ ಹೈಬರ್ನೇಟ್-ಟೈಮೌಟ್-ಎಸಿ 45 ಎಂದು ಕಮಾಂಡಿನಿಂದಲೇ ಹಾಕಬಹುದು.

ಯುಪಿಎಸ್ ಇದ್ದವರು ಇನ್ನೊಂದನ್ನು ನೋಡಬೇಕು. ಯುಪಿಎಸ್‌ನಿಂದ ಯುಎಸ್‌ಬಿ ತಂತಿ ಕಂಪ್ಯೂಟರಿಗೆ ಜೋಡಿಸಿದ್ದರೆ ವಿಂಡೋಸ್ ಅದನ್ನು ಬ್ಯಾಟರಿ ಎಂದೇ ತಿಳಿಯಬಹುದು. ಡೆಸ್ಕ್‌ಟಾಪಿನಲ್ಲೂ ಬ್ಯಾಟರಿ ಚಿತ್ರ ಬರುತ್ತದೆ, ಪ್ರತಿ ಸೆಟ್ಟಿಂಗಿಗೂ ಆನ್ ಬ್ಯಾಟರಿ, ಪ್ಲಗ್ಡ್ ಇನ್ ಅಂತ ಎರಡೆರಡು ಅಂಕಿ ಬರುತ್ತವೆ. ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆತವರು ತುಂಬಾ ಜನ.

ಬಾಗಿಲು ಹಿಡಿದು ನಿಂತವರು ಯಾರು?

ಶಕ್ತಿ ಇದೆ, ಗಡಿಯಾರ ಸರಿ ಇದೆ, ಆದರೂ 42 ಬರುತ್ತಿಲ್ಲ. ಹಾಗಾದರೆ ಯಾರೋ "ಈಗ ಮಲಗಬೇಡ" ಅನ್ನುತ್ತಿದ್ದಾರೆ. ವಿಂಡೋಸ್‌ನಲ್ಲಿ ಇದಕ್ಕೆ ಸರಿಯಾದ ಪದ್ಧತಿಯೇ ಇದೆ. ಸಿನಿಮಾ ಓಡಿಸುವ ಪ್ರೋಗ್ರಾಂ, ಬ್ಯಾಕಪ್ ಮಾಡುವ ಪ್ರೋಗ್ರಾಂ, ಕೆಲವು ಡ್ರೈವರುಗಳು ವಿಂಡೋಸ್‌ಗೆ ಅರ್ಜಿ ಹಾಕುತ್ತವೆ. ಅರ್ಜಿ ವಾಪಸ್ ತೆಗೆದುಕೊಳ್ಳುವವರೆಗೆ ಯಂತ್ರ ತಾನಾಗಿ ಮಲಗುವುದಿಲ್ಲ. ಕೆಲಸ ಮುಗಿದ ಮೇಲೂ ಅರ್ಜಿ ವಾಪಸ್ ಪಡೆಯಲು ಮರೆಯುವವರಿಂದಲೇ ತೊಂದರೆ.

ಅರ್ಜಿದಾರರ ಪಟ್ಟಿ ನೋಡಲು ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್. ಡಿಸ್‌ಪ್ಲೇ, ಸಿಸ್ಟಮ್, ಅವೇಮೋಡ್, ಎಕ್ಸಿಕ್ಯೂಷನ್ ಹೀಗೆ ತಲೆಬರಹಗಳು ಬರುತ್ತವೆ. ಎಲ್ಲದರ ಕೆಳಗೂ ನನ್, ಅಂದರೆ ಏನೂ ಇಲ್ಲ, ಎಂದಿದ್ದರೆ ಬಾಗಿಲಲ್ಲಿ ಯಾರೂ ಇಲ್ಲ. ಹೆಸರು ಇದ್ದರೆ ಅವರೇ.

ಸಾಮಾನ್ಯವಾಗಿ ಸಿಗುವ ಕೆಲವರನ್ನು ಹೇಳುತ್ತೇನೆ. ಆಡಿಯೋ ಸ್ಟ್ರೀಮ್ ಬಳಕೆಯಲ್ಲಿದೆ ಎಂದು ಸೌಂಡ್ ಡ್ರೈವರಿನ ಹೆಸರಿನಲ್ಲಿ ಇದ್ದರೆ, ಯಾವುದೋ ಪ್ರೋಗ್ರಾಂ ಸ್ಪೀಕರ್ ಅಥವಾ ಮೈಕನ್ನು ಹಿಡಿದುಕೊಂಡಿದೆ. ಸದ್ದು ಕೇಳಬೇಕೆಂದಿಲ್ಲ. ಕ್ರೋಮ್ ಹೆಸರಿನ ಮುಂದೆ ವೆಬ್‌ಆರ್‌ಟಿಸಿ ಎಂದಿದ್ದರೆ ಆನ್‌ಲೈನ್ ಕ್ಲಾಸಿನದ್ದೋ ಮೀಟಿಂಗಿನದ್ದೋ ಟ್ಯಾಬ್ ಮುಚ್ಚದೆ ಉಳಿದಿದೆ. ಮೋಯುಎಸ್‌ಓ ಕೋರ್ ವರ್ಕರ್ ಎಂದಿದ್ದರೆ ಅದು ವಿಂಡೋಸ್ ಅಪ್‌ಡೇಟ್. ಬಾಕಿ ಇರುವ ಅಪ್‌ಡೇಟ್ ಮುಗಿಸಿ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಹೆಚ್ಚಾಗಿ ಹೋಗುತ್ತದೆ. ಲೆಗಸಿ ಕರ್ನಲ್ ಕಾಲರ್ ಎಂದಿದ್ದರೆ ಸ್ವಲ್ಪ ಕಷ್ಟ. ಹಳೆಯ ರೀತಿಯ ಯಾವುದೋ ಡ್ರೈವರ್ ಅದು, ಹೆಸರು ಹೇಳುವುದಿಲ್ಲ. ಟಿವಿ ಟ್ಯೂನರ್, ಹಳೆಯ ಯುಎಸ್‌ಬಿ ಸಾಧನ ಇವನ್ನು ಒಂದೊಂದೇ ಕಿತ್ತು ನೋಡಬೇಕು.

ನಾನೂ ಕಮಾಂಡ್ ಹೊಡೆದೆ. ಎಲ್ಲ ನನ್, ನನ್, ನನ್. ಮಧ್ಯಾಹ್ನ ಹೊಡೆದರೂ ಅದೇ, ಸಂಜೆ ಹೊಡೆದರೂ ಅದೇ. ಇಲ್ಲೇ ತುಂಬಾ ಜನ ಕೈಚೆಲ್ಲಿ, ವಿಂಡೋಸ್ ಮರುಸ್ಥಾಪನೆಗೆ ಇಳಿಯುತ್ತಾರೆ. ಆದರೆ ಈ ಕಮಾಂಡ್ ಕೊಡುವುದು ಆ ಕ್ಷಣದ ಫೋಟೋ ಮಾತ್ರ. ಕಳ್ಳ ಬರುವುದು ರಾತ್ರಿ, ನಾವು ಫೋಟೋ ತೆಗೆಯುವುದು ಹಗಲು.

ಹಾಗಾಗಿ ರಾತ್ರಿಯಿಡೀ ಫೋಟೋ ತೆಗೆಯುವ ವ್ಯವಸ್ಥೆ ಮಾಡಿದೆ. ನೋಟ್‌ಪ್ಯಾಡಿನಲ್ಲಿ ಎರಡು ಸಾಲಿನ ಬ್ಯಾಚ್ ಫೈಲ್. ಮೊದಲ ಸಾಲು ಎಕೋ ಕಮಾಂಡಿನಿಂದ ಸಮಯವನ್ನು ಒಂದು ಟೆಕ್ಸ್ಟ್ ಫೈಲಿಗೆ ಬರೆಯುತ್ತದೆ. ಎರಡನೆಯದು ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್ ಕೊಟ್ಟ ಉತ್ತರವನ್ನು ಅದೇ ಫೈಲಿನ ಕೊನೆಗೆ ಸೇರಿಸುತ್ತದೆ. ಕಮಾಂಡಿನ ಕೊನೆಗೆ >> ಗುರುತು ಹಾಕಿ ಫೈಲಿನ ಹೆಸರು ಕೊಟ್ಟರೆ ಹಳೆಯದು ಅಳಿಯದೆ ಕೆಳಗೆ ಸೇರುತ್ತಾ ಹೋಗುತ್ತದೆ. ಒಂದೇ > ಹಾಕಿದರೆ ಪ್ರತಿ ಸಲ ಹಳೆಯದು ಅಳಿಸಿಹೋಗುತ್ತದೆ, ಹುಷಾರು. ಇದನ್ನು ಟಾಸ್ಕ್ ಶೆಡ್ಯೂಲರಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಓಡುವಂತೆ ಇಟ್ಟೆ. ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್ ಟಿಕ್ ಮಾಡಲೇಬೇಕು, ಇಲ್ಲದಿದ್ದರೆ ಈ ಕಮಾಂಡ್ ಅಡ್ಮಿನ್ ಅನುಮತಿ ಬೇಕು ಎಂದು ಕೈ ಅಲ್ಲಾಡಿಸುತ್ತದೆ.

ಬೆಳಿಗ್ಗೆ ಫೈಲ್ ತೆರೆದೆ. ಹತ್ತೂವರೆಯವರೆಗೆ ಎಲ್ಲ ನನ್. 10:50ಕ್ಕೆ ಸಿಸ್ಟಮ್ ಕೆಳಗೆ ಒಂದು ಸಾಲು: ಡ್ರೈವರ್, ಎಸ್‌ಆರ್‌ವಿನೆಟ್. ಜೊತೆಗೆ, ಹೊರಗಿನ ಯಂತ್ರವೊಂದು ಈಚೆಗೆ ಈ ಕಂಪ್ಯೂಟರಿಗೆ ಬೇಡಿಕೆ ಕಳಿಸಿದೆ ಎಂಬ ಅರ್ಥದ ವಾಕ್ಯ. 11ಕ್ಕೆ ಇಲ್ಲ. 11:10ಕ್ಕೆ ಮತ್ತೆ ಇದೆ. ಬೆಳಗಿನ ಜಾವದವರೆಗೂ ಹೀಗೇ, ಬಂದು ಹೋಗಿ, ಬಂದು ಹೋಗಿ. ನಲವತ್ತೈದು ನಿಮಿಷ ಪೂರ್ತಿಯಾಗಲು ಯಾರೋ ಬಿಡುತ್ತಲೇ ಇಲ್ಲ.

ಎಸ್‌ಆರ್‌ವಿನೆಟ್ ಎಂದರೆ ನೆಟ್‌ವರ್ಕಿನಲ್ಲಿ ಹಂಚಿದ ಫೋಲ್ಡರ್‌ಗಳನ್ನು ನೋಡಿಕೊಳ್ಳುವ ಭಾಗ. ಹಾಗಾದರೆ ಮನೆಯೊಳಗಿನ ಇನ್ಯಾವುದೋ ಸಾಧನ ನನ್ನ ಫೋಲ್ಡರ್ ತೆರೆಯುತ್ತಿದೆ. ಯಾವುದು? ರನ್ ಪೆಟ್ಟಿಗೆಯಲ್ಲಿ ಎಫ್‌ಎಸ್‌ಎಂಜಿಎಂಟಿ.ಎಂಎಸ್‌ಸಿ ಎಂದು ಹೊಡೆದರೆ ಶೇರ್ಡ್ ಫೋಲ್ಡರ್ಸ್ ಕಿಟಕಿ ಬರುತ್ತದೆ. ಅದರಲ್ಲಿ ಸೆಷನ್ಸ್ ಒತ್ತಿದರೆ ಈಗ ಯಾರು ಒಳಗಿದ್ದಾರೆ ಎಂದು ಐಪಿ ವಿಳಾಸ ಸಮೇತ ಕಾಣುತ್ತದೆ. ಮರುದಿನ ರಾತ್ರಿ ಹನ್ನೊಂದರವರೆಗೆ ಕಾದು ನೋಡಿದೆ. ಒಂದು ವಿಳಾಸ ಸಿಕ್ಕಿತು. ರೌಟರಿನ ಪಟ್ಟಿಗೆ ಹೋಲಿಸಿದರೆ ಅದು ಹಜಾರದ ಟಿವಿ.

ತಮ್ಮ ಸಿನಿಮಾ ನೋಡಲು ನನ್ನ ಡಿ ಡ್ರೈವಿನ ಒಂದು ಫೋಲ್ಡರನ್ನು ಟಿವಿಗೆ ಹಂಚಿಕೊಂಡಿದ್ದ. ಟಿವಿಯ ವಿಡಿಯೋ ಆ್ಯಪ್ ಹೊಸ ಸಿನಿಮಾ ಬಂದಿದೆಯಾ ಎಂದು ಆಗಾಗ ಇಣುಕುತ್ತಿತ್ತು. ರಿಮೋಟಿನಲ್ಲಿ ಟಿವಿ ಆರಿಸಿದರೆ ಪರದೆ ಮಾತ್ರ ಆರುತ್ತದೆ, ಒಳಗಿನ ಮಿದುಳು ಎದ್ದೇ ಇರುತ್ತದೆ. ಹಗಲಿನಲ್ಲಿ ನಾನು ಕಮಾಂಡ್ ಹೊಡೆದಾಗೆಲ್ಲ ಟಿವಿಯ ಗೋಡೆ ಸ್ವಿಚ್ಚೇ ಆಫ್ ಇರುತ್ತಿತ್ತು. ಅದಕ್ಕೇ ನನ್, ನನ್.

ಗುಡುಗಿನ ಗುಟ್ಟೂ ಆಗ ಬಯಲಾಯಿತು. ಗುಡುಗು ಶುರುವಾದರೆ ಅಮ್ಮ ಮನೆಯ ಪ್ಲಗ್‌ಗಳನ್ನೆಲ್ಲ ಕೀಳುತ್ತಾಳೆ. ಟಿವಿ, ಸೆಟ್‌ಟಾಪ್ ಬಾಕ್ಸ್, ರೌಟರ್, ಫ್ರಿಜ್. ನನ್ನ ಕಂಪ್ಯೂಟರ್ ಮಾತ್ರ ಮುಟ್ಟುವುದಿಲ್ಲ. ಹಿಂದೊಮ್ಮೆ ಕಿತ್ತು, ಒಂದು ಅಧ್ಯಾಯದಷ್ಟು ಕೆಲಸ ಹೋಗಿ, ನಾನು ಇಡೀ ದಿನ ಊಟ ಬಿಟ್ಟು ಕೂತಿದ್ದೆ. ಹಾಗಾಗಿ ಆ ಎರಡು ರಾತ್ರಿ ಟಿವಿ ಇಲ್ಲ, ರೌಟರ್ ಇಲ್ಲ, ಕಂಪ್ಯೂಟರ್ ನೆಮ್ಮದಿಯಾಗಿ ಮಲಗಿತು. ಕಂಪ್ಯೂಟರ್ ಸರಿಯಾಗಿ ನಡೆದ ದಿನ ಮನೆಯಲ್ಲಿ ಏನು ಬೇರೆ ಇತ್ತು ಎಂದು ಮೊದಲ ವಾರವೇ ಕೇಳಿಕೊಂಡಿದ್ದರೆ ಬ್ಯಾಚ್ ಫೈಲೇ ಬೇಕಿರಲಿಲ್ಲ.

ಪರಿಹಾರಕ್ಕೆ ಎರಡು ದಾರಿ. ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್ಓವರ್‌ರೈಡ್ ಡ್ರೈವರ್ ಎಸ್‌ಆರ್‌ವಿನೆಟ್ ಸಿಸ್ಟಮ್ ಎಂದು ಹೊಡೆದರೆ ಆ ಅರ್ಜಿಯನ್ನು ವಿಂಡೋಸ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೊನೆಯ ಸಿಸ್ಟಮ್ ಪದ ಬಿಟ್ಟು ಅದೇ ಕಮಾಂಡ್ ಹೊಡೆದರೆ ಮೊದಲಿನಂತಾಗುತ್ತದೆ. ಆದರೆ ಇದರಲ್ಲಿ ತಮ್ಮ ನಿಜವಾಗಿ ಸಿನಿಮಾ ನೋಡುತ್ತಿದ್ದಾಗಲೂ ನನ್ನ ಯಂತ್ರ ಆರಿಹೋಗುತ್ತದೆ, ಕ್ಲೈಮ್ಯಾಕ್ಸ್‌ನಲ್ಲೇ ಆಗಬೇಕೆಂದು ಬೇರೆ ಇರುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂದರೆ ಟಿವಿಯ ಆ್ಯಪಿನಲ್ಲಿ ತಾನಾಗಿ ಹುಡುಕುವ ಆಯ್ಕೆ ಆಫ್ ಮಾಡಬೇಕು. ನಾನು ಅದನ್ನೇ ಮಾಡಿದೆ. ಆ ರಾತ್ರಿಯ ಲಾಗ್‌ನಲ್ಲಿ 42 ಬಂತು, ಟಾರ್ಗೆಟ್ ಸ್ಟೇಟ್ 5.

ಹಂಚಿಕೆ ವಿಂಡೋಸ್‌ನ ಮೀಡಿಯಾ ಸ್ಟ್ರೀಮಿಂಗ್ ಮೂಲಕ ಆಗಿದ್ದರೆ ಪವರ್ ಆಪ್ಷನ್ಸ್‌ನಲ್ಲೇ ಮಲ್ಟಿಮೀಡಿಯಾ ಸೆಟ್ಟಿಂಗ್ಸ್ ಎಂಬಲ್ಲಿ ವೆನ್ ಶೇರಿಂಗ್ ಮೀಡಿಯಾ ಎಂದಿದೆ. ಅದು ಪ್ರಿವೆಂಟ್ ಐಡ್ಲಿಂಗ್ ಟು ಸ್ಲೀಪ್ ಎಂದಿದ್ದರೆ ಅಲೋ ದಿ ಕಂಪ್ಯೂಟರ್ ಟು ಸ್ಲೀಪ್ ಎಂಬುದಕ್ಕೆ ಬದಲಾಯಿಸಿ.

ಪಟ್ಟಿಯಲ್ಲಿ ಯಾರೂ ಇಲ್ಲ, ಆದರೂ ಮಲಗುತ್ತಿಲ್ಲ

ಆಗ ಮೌಸ್ ಮೇಲೆ ಅನುಮಾನಪಡಿ. ಕನ್ನಡಿ ಹಾಸಿದ ಮೇಜಿನ ಮೇಲೆ ಇಟ್ಟ ಆಪ್ಟಿಕಲ್ ಮೌಸ್ ಯಾರೂ ಮುಟ್ಟದೆಯೂ ಬಾಣವನ್ನು ಒಂದೆರಡು ಚುಕ್ಕೆ ಕದಲಿಸುತ್ತಿರುತ್ತದೆ. ವಿಂಡೋಸ್‌ಗೆ ಅದು ಮನುಷ್ಯನ ಕೈಯೇ. ಎಣಿಕೆ ಮತ್ತೆ ಸೊನ್ನೆಯಿಂದ ಶುರು. ರಾತ್ರಿ ಮೌಸನ್ನು ಮಗುಚಿಡಬೇಡಿ, ಕೆಲವಕ್ಕೆ ಅದೂ ಚಲನೆಯಾಗಿ ಕಾಣುತ್ತದೆ. ಕಿತ್ತೇ ಇಡಿ. ಮಕ್ಕಳ ಗೇಮ್ ಕಂಟ್ರೋಲರ್ ಇದ್ದರೆ ಅದನ್ನೂ ಕೀಳಿ. ಸವೆದ ಕಡ್ಡಿಯ ಕಂಟ್ರೋಲರ್ ಸುಮ್ನೆ ಒಂದು ಕಡೆಗೆ ವಾಲಿಕೊಂಡಿರುತ್ತದೆ.

ಇಂತಿಷ್ಟು ಗಂಟೆಗೇ ಆಗಬೇಕು ಅನ್ನುವವರಿಗೆ

ಯಾರು ಕೂತಿದ್ದರೂ ಸರಿ, ರಾತ್ರಿ 11:30ಕ್ಕೆ ಆರಲೇಬೇಕು ಅಂದರೆ ಟಾಸ್ಕ್ ಶೆಡ್ಯೂಲರಿನಲ್ಲಿ ಶಟ್‌ಡೌನ್ ಪ್ರೋಗ್ರಾಂ, ಆರ್ಗ್ಯುಮೆಂಟ್ /ಎಚ್. ಇದಕ್ಕೆ ಮೇಲಿನ ಅರ್ಜಿಗಳ ಹಂಗಿಲ್ಲ. /ಎಚ್ ಜೊತೆಗೆ ಇಷ್ಟು ಸೆಕೆಂಡ್ ಕಾಯಿ ಎನ್ನುವ /ಟಿ ಹಾಕಬೇಡಿ, ಎರಡೂ ಒಟ್ಟಿಗೆ ನಡೆಯುವುದಿಲ್ಲ.

ಟಾಸ್ಕ್ ಓಡದಿದ್ದರೆ ಮೊದಲು ಕಂಡೀಷನ್ಸ್ ಟ್ಯಾಬ್ ನೋಡಿ. ಎಸಿ ಪವರ್ ಇದ್ದಾಗ ಮಾತ್ರ ಶುರು ಮಾಡು ಎಂಬುದು ಮೊದಲೇ ಟಿಕ್ ಆಗಿರುತ್ತದೆ. ಯುಎಸ್‌ಬಿ ಯುಪಿಎಸ್ ಇರುವ ಮನೆಯಲ್ಲಿ 11:30ಕ್ಕೆ ಕರೆಂಟ್ ಇಲ್ಲದಿದ್ದರೆ ಟಾಸ್ಕ್ ಓಡುವುದಿಲ್ಲ, ಹೈಬರ್ನೇಟ್ ಜಾಸ್ತಿ ಬೇಕಾಗಿರುವುದೇ ಆಗ. ಆ ಟಿಕ್ ತೆಗೆಯಿರಿ. ಇನ್ನೊಂದು ಸೆಟ್ಟಿಂಗ್ಸ್ ಟ್ಯಾಬಿನಲ್ಲಿದೆ. ತಪ್ಪಿಹೋದ ಟಾಸ್ಕನ್ನು ಆದಷ್ಟು ಬೇಗ ಓಡಿಸು ಎಂಬ ಸಾಲಿಗೆ ಟಿಕ್ ಹಾಕಿದರೆ, ರಾತ್ರಿ 11:30ಕ್ಕೆ ಮುಂಚೆಯೇ ನೀವು ಆರಿಸಿದ ದಿನ, ಬೆಳಿಗ್ಗೆ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಯಂತ್ರ ಮುಖದ ಮೇಲೇ ಆರಿಹೋಗುತ್ತದೆ. ಪಕ್ಕದ ಮನೆಯವರೊಬ್ಬರು ಇದನ್ನು ಪವರ್ ಸಪ್ಲೈ ಹಾಳಾಗಿದೆ ಎಂದು ತಿಳಿದು ಹೊಸದು ತರಲು ಹೊರಟಿದ್ದರು.

ಮಲಗಿ ಎದ್ದುಬಿಟ್ಟರೆ

42ರ ಹಿಂದೆಯೇ 107 ಇದ್ದರೆ ಪವರ್‌ಸಿಎಫ್‌ಜಿ /ಲಾಸ್ಟ್‌ವೇಕ್ ಎಬ್ಬಿಸಿದವರನ್ನು ಹೇಳುತ್ತದೆ. ಪವರ್‌ಸಿಎಫ್‌ಜಿ /ಡಿವೈಸ್‌ಕ್ವೆರಿ ವೇಕ್_ಆರ್ಮ್ಡ್ ಎಂದರೆ ಎಬ್ಬಿಸುವ ಹಕ್ಕು ಯಾರ್ಯಾರಿಗಿದೆ ಎಂಬ ಪಟ್ಟಿ. ನೆಟ್‌ವರ್ಕ್ ಕಾರ್ಡ್ ಅದರಲ್ಲಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿಗೆ ಹೋಗಿ, ಕಂಪ್ಯೂಟರ್ ಎಬ್ಬಿಸುವ ಅನುಮತಿ ತೆಗೆದುಬಿಡಿ. ದೂರದಿಂದ ಆನ್ ಮಾಡುವ ಅಭ್ಯಾಸ ಇದ್ದವರು ಮಾತ್ರ ಮ್ಯಾಜಿಕ್ ಪ್ಯಾಕೆಟ್ (ಎಬ್ಬಿಸಲೆಂದೇ ನೆಟ್‌ವರ್ಕಿನಲ್ಲಿ ಕಳಿಸುವ ಸಂದೇಶ) ಬಂದಾಗ ಮಾತ್ರ ಎಂಬ ಆಯ್ಕೆ ಇಟ್ಟುಕೊಳ್ಳಲಿ.

ಅರ್ಧದಲ್ಲಿ ಸಿಕ್ಕಿಕೊಂಡರೆ

ಪರದೆ ಕಪ್ಪಗಾಗಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಕೀಲಿಮಣೆಗೆ ಉತ್ತರವಿಲ್ಲ. ತಕ್ಷಣ ಬಟನ್ ಒತ್ತಿ ಹಿಡಿಯಬೇಡಿ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆದರೆ ಐದಾರು ಜಿಬಿ ಬರೆಯಲು ಒಂದೆರಡು ನಿಮಿಷ ಬೇಕು. ಡಿಸ್ಕ್ ದೀಪ ಮಿನುಗುತ್ತಿದ್ದರೆ ಬಿಟ್ಟುಬಿಡಿ. ಹತ್ತು ನಿಮಿಷ ಕಳೆದು ದೀಪವೂ ಸತ್ತಿದ್ದರೆ ಮಾತ್ರ ಬಲವಂತವಾಗಿ ಆರಿಸಿ.

ಇದಕ್ಕೆ ಹೆಚ್ಚಿನ ಸಲ ಕಾರಣ ಮದರ್‌ಬೋರ್ಡಿನ ಚಿಪ್‌ಸೆಟ್ ಡ್ರೈವರ್, ಗ್ರಾಫಿಕ್ಸ್ ಡ್ರೈವರ್ ಅಥವಾ ಬಯೋಸ್. ಮೂರನ್ನೂ ತಯಾರಕರ ತಾಣದಿಂದಲೇ ತನ್ನಿ, ಒಂದೊಂದಾಗಿ ಹಾಕಿ, ಪ್ರತಿ ಸಲ ಶಟ್‌ಡೌನ್ /ಎಚ್ ಮಾಡಿ ನೋಡಿ. ಬಯೋಸ್ ಹಾಕುವಾಗ ಕರೆಂಟ್ ಹೋದರೆ ಬೋರ್ಡಿಗೇ ಕುತ್ತು. ಮಳೆಗಾಲದ ಸಂಜೆ ಆ ಕೆಲಸಕ್ಕೆ ಕೈ ಹಾಕಬೇಡಿ. ನಡುವೆ ಹೊರಗಿನ ಯುಎಸ್‌ಬಿ ಡಿಸ್ಕ್, ಪ್ರಿಂಟರ್, ಕಾರ್ಡ್ ರೀಡರ್ ಎಲ್ಲ ಕಿತ್ತೂ ಒಮ್ಮೆ ಪರೀಕ್ಷಿಸಿ. ಹೈಬರ್‌ಫಿಲ್ ಕೆಟ್ಟಿರಬಹುದು ಅನ್ನಿಸಿದರೆ ಪವರ್‌ಸಿಎಫ್‌ಜಿ /ಹೈಬರ್ನೇಟ್ ಆಫ್, ರೀಸ್ಟಾರ್ಟ್, ಮತ್ತೆ ಆನ್. ಹಳೆಯ ಫೈಲ್ ಅಳಿದು ಹೊಸದು ಹುಟ್ಟುತ್ತದೆ.

ಇಷ್ಟಾದರೂ ಬಗ್ಗದಿದ್ದರೆ ರಿಪೇರಿ ಅಂಗಡಿಗೆ ಒಯ್ಯಿರಿ. ಹೋಗುವಾಗ ಪವರ್‌ಸಿಎಫ್‌ಜಿ /ಎ ಕೊಟ್ಟ ಉತ್ತರ ಮತ್ತು ಕೊನೆಯ ನಾಲ್ಕೈದು ರಾತ್ರಿಯ 42, 107, 41ರ ಸಮಯಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಂಗಡಿಯ ಮೇಜಿನ ಮೇಲೆ ನಿಮ್ಮ ಟಿವಿಯೂ ಇರುವುದಿಲ್ಲ, ರೌಟರೂ ಇರುವುದಿಲ್ಲ. ಅಲ್ಲಿ ಯಂತ್ರ ಮೊದಲ ಸಲಕ್ಕೇ ಚೆನ್ನಾಗಿ ಮಲಗಿ ತೋರಿಸಿಬಿಡಬಹುದು.